ಅಳುವ ದೃಶ್ಯ

ಈ ಸಲವೂ ಮರೀಕಾಳ ಕಣ್ಣಲ್ಲಿ ನೀರು ಬರಲಿಲ್ಲ. ಪಾಳು ರೈಲು ನಿಲ್ದಾಣದ ಕಟ್ಟೆಯ ಮೇಲೆ ನಿಂತು, ಅಪ್ಪನನ್ನು ಕರೆದೊಯ್ದ ರೈಲು ಮರೆಯಾದ ದಿಕ್ಕಿಗೆ ನೋಡುತ್ತ, ಒಂಬತ್ತು ವರ್ಷದ ಆ ಹುಡುಗಿ ಹುಬ್ಬು ಗಂಟಿಕ್ಕಿದಳು, ತುಟಿ ಕಚ್ಚಿದಳು, ಉಸಿರು ಬಿಗಿಹಿಡಿದಳು. ಮುಖ ಕೆಂಪಾಯಿತೇ ಹೊರತು ಅಳು ಹತ್ತಿರಕ್ಕೂ ಸುಳಿಯಲಿಲ್ಲ.

"ಕಟ್," ಎಂದ ನಿರ್ದೇಶಕ ಲೋರ್ನ್. ಕಟಾವಾದ ಗೋಧಿ ಹೊಲದ ಅಂಚಿಗೆ ಸೂರ್ಯ ಬಂದು ಮುಟ್ಟಿದ್ದ.

ನಿರ್ಮಾಪಕಿ ಗ್ವೆಂಡಾ ಅವನ ಕಿವಿಯ ಬಳಿ ಬಂದಳು. "ಇನ್ನೊಂದು ಸಲಕ್ಕೆ ಬೆಳಕು ಸಿಕ್ಕಿದ್ರೆ ನಮ್ಮ ಪುಣ್ಯ. ನಾಳೆ ಹಿಮ ಬೀಳತ್ತಂತೆ. ಬಿತ್ತು ಅಂದ್ರೆ ಈ ಹೊಲ ಹೀಗೆ ಸಿಗೋದು ಮುಂದಿನ ವರ್ಷಕ್ಕೇ."

"ಗ್ಲಿಸರಿನ್..."

"ಹಾಕಿ ನೋಡಾಯ್ತಲ್ಲ, ಗೊಂಬೆ ಥರ ಕಾಣ್ತಾಳೆ. ಏನಾದ್ರೂ ಹೇಳಿ ಅಳಿಸು ಮಾರಾಯ. ಮಕ್ಕಳನ್ನ ಅಳಿಸೋದು ಯಾವ ದೊಡ್ಡ ವಿದ್ಯೆ?"

ವಿನಿಪೆಗ್ ನಗರದ ರಂಗಮಂದಿರಗಳಲ್ಲಿ ಲೋರ್ನ್ ಹೆಸರು ಮಾಡಿದ್ದು ಒಂದೇ ಗುಣಕ್ಕೆ. ಅವನು ನಟರಿಗೆ ಸುಳ್ಳು ಹೇಳುತ್ತಿರಲಿಲ್ಲ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಎಂದೇ ಅನ್ನುತ್ತಿದ್ದ. ಹಾಗಾಗಿ ಅವನು ತಲೆಯಾಡಿಸಿ "ಹೂಂ, ಇದು ಸರಿ" ಅಂದರೆ ಎಂಥ ನಟನಿಗೂ ಎದೆಯ ಭಾರ ಇಳಿಯುತ್ತಿತ್ತು. ಇದು ಅವನ ಮೊದಲ ಸಿನಿಮಾ. ಇದು ಕೈಕೊಟ್ಟರೆ ಎರಡನೆಯದನ್ನು ಯಾರೂ ಕೊಡುವುದಿಲ್ಲ. ಸುತ್ತ ನೋಡಿದ. ಮರೀಕಾಳ ಅಮ್ಮ ಬಿಸಿ ಚಹಾ ತರಲು ವ್ಯಾನಿನ ಕಡೆ ಹೋಗಿದ್ದಳು.

ಕಟ್ಟೆಯತ್ತ ನಡೆಯುವಾಗ ಬೆನ್ನ ಹಿಂದೆ ಕೈ ಮಾಡಿ, ಕ್ಯಾಮೆರಾ ಓಡಲಿ ಎಂದು ಛಾಯಾಗ್ರಾಹಕಿಗೆ ಸನ್ನೆ ಮಾಡಿದ. ಚೌಕಟ್ಟಿನಿಂದ ಆಚೆಗೆ, ಹುಡುಗಿಯ ಪಕ್ಕದಲ್ಲಿ ಮಂಡಿಯೂರಿದ.

"ಲೋರ್ನ್, ಈ ಸಲ ಬಂದೇ ಬರತ್ತೆ ನೋಡಿ," ಎಂದಳು ಮರೀಕಾ. "ಸತ್ತುಹೋದ ನಮ್ಮ ಬೆಕ್ಕನ್ನ ನೆನೆಸ್ಕೊಳ್ತಿದ್ದೆ. ಆದ್ರೆ ಅದು ನನ್ನನ್ನ ಬರೀ ಪರಚ್ತಿತ್ತು. ಈಗ ಬೇರೆ ಏನಾದ್ರೂ ನೆನೆಸ್ಕೊಳ್ತೀನಿ."

"ಬೇಡ ಮರೀಕಾ." ದನಿ ಅಷ್ಟು ಸಲೀಸಾಗಿ ಹೊರಬಿದ್ದದ್ದಕ್ಕೆ ಅವನಿಗೇ ಹೆದರಿಕೆಯಾಯಿತು. "ಇದು ನಿನ್ನ ಕೈಲಿ ಆಗಲ್ಲ. ನಿನ್ನನ್ನ ಆರಿಸಿದ್ದೇ ನನ್ನ ತಪ್ಪು. ಬೇರೆ ಹುಡುಗೀನ ಕರೆಸ್ತಿದೀವಿ."

"ಇನ್ನೊಂದೇ ಒಂದ್ಸಲ ಮಾಡ್ಲಾ?"

"ಬೇಡ. ಅಮ್ಮ ಬರೋವರೆಗೂ ಇಲ್ಲೇ ನಿಂತಿರು. ಆ ಕಡೆ ನೋಡ್ತಾ ಇರು."

ಏಕೆಂದು ಅವಳು ಕೇಳಲಿಲ್ಲ. ಲೋರ್ನ್ ಹೇಳಿದ ಮೇಲೆ ನಿಜವೇ ಇರಬೇಕು. ಹಳಿಯ ಕಡೆ ತಿರುಗಿದಳು. ಯಾರಿಗೂ ಕಾಣಬಾರದೆಂದು ಗದ್ದ ಮೇಲೆತ್ತಿದಳು. ಗದ್ದ ಅದುರಿತು. ತುಂಬಿದ ಕಣ್ಣನ್ನು ರೆಪ್ಪೆ ಬಡಿಯದೆ ತಡೆದಳು, ತಡೆದಳು, ಆಮೇಲೆ ಆಗಲಿಲ್ಲ. ದೊಡ್ಡ ದೊಡ್ಡ ನಟರಿಗೆ ಇಷ್ಟು ವರ್ಷ ಲೋರ್ನ್ ಹೇಳಿಕೊಡಲು ಹೆಣಗಿದ್ದೆಲ್ಲ ಆ ಪುಟ್ಟ ಮುಖದ ಮೇಲಿತ್ತು. ಕಟ್ ಎನ್ನಲು ಬಾಯಿ ತೆರೆದ. ಅನ್ನಲಿಲ್ಲ. ಹೊಲದ ಮೇಲಿನ ಬೆಳಕು ಪೂರ್ತಿ ಆರುವವರೆಗೂ ಅನ್ನಲಿಲ್ಲ.

"ಸಿಕ್ತು!" ಗ್ವೆಂಡಾ ಓಡಿಬಂದು ಅವನ ಭುಜ ಹಿಡಿದು ಅಲುಗಿಸಿದಳು. "ನೋಡಿದ್ಯಾ? ಇದೊಂದೇ ಸಾಕು ಸಿನಿಮಾ ಗೆಲ್ಲೋಕೆ." ಛಾಯಾಗ್ರಾಹಕಿ ಕಣ್ಣೊರೆಸಿಕೊಂಡಳು.

ಲೋರ್ನ್ ಗ್ವೆಂಡಾಳ ಕೈ ಕೊಸರಿಕೊಂಡು ಹುಡುಗಿಯ ಮುಂದೆ ಕೂತ. "ಮರೀಕಾ, ನಾನು ಹೇಳಿದ್ದು ಸುಳ್ಳು ಕಣೇ. ಯಾವ ಹುಡುಗೀನೂ ಬರಲ್ಲ. ಈ ಪಾತ್ರ ನಿಂದೇ. ನೀನು ತುಂಬ ಚೆನ್ನಾಗಿ ಮಾಡ್ದೆ. ನಿನ್ನಷ್ಟು ಚೆನ್ನಾಗಿ ಮಾಡೋರನ್ನ ನಾನು ನೋಡೇ ಇಲ್ಲ. ನಿಜವಾಗ್ಲೂ."

ಮರೀಕಾ ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡಳು. ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಪಕ್ಕಕ್ಕೆ ವಾಲಿ, ಅವನ ಭುಜದಾಚೆ ಕ್ಯಾಮೆರಾ ಇರುವ ಕಡೆಗೆ ಇಣುಕಿದಳು.

"ಈಗ ನಗಬೇಕಾ?" ಎಂದು ಮೆಲ್ಲಗೆ ಕೇಳಿದಳು.