ಹಸಿ ಹೊಲಿಗೆ

"ನಗಿಸಬೇಡ ಮಾರಾ, ಹೊಲಿಗೆ ಬಿಚ್ಚಿಕೊಳ್ತದೆ," ಎಂದು ನಂಜಪ್ಪ ದಿಂಬನ್ನು ಹೊಟ್ಟೆಗೆ ಅವುಚಿಕೊಂಡ. ಕೊಯಮತ್ತೂರಿನ ನರ್ಸಿಂಗ್ ಹೋಮಿನಲ್ಲಿ ಅವನ ಹರ್ನಿಯಾ ಆಪರೇಷನ್ ಆಗಿ ಎರಡು ದಿನವಾಗಿತ್ತು. ಕೆಮ್ಮಬಾರದು, ನಗಬಾರದು ಎಂದಿದ್ದರು ಡಾಕ್ಟರು. ಅದನ್ನು ಕೇಳಿಯೇ ಮಾರಾತಾಳ್ ಮೊದಲ ಬಸ್ಸು ಹತ್ತಿದ್ದಳು.

ಹೆಣ್ಣು ನೋಡಲು ಬಂದವನ ತೊಡೆಯ ಮೇಲೆ ಅವಳು ಕಾಫಿ ಚೆಲ್ಲಿದ್ದನ್ನು ಅಕ್ಕನ ಗಂಡನಾದ ಈ ನಂಜಪ್ಪ ಹದಿನೈದು ವರ್ಷದಿಂದ ಪ್ರತಿ ಮದುವೆಮನೆಯಲ್ಲೂ ನಟಿಸಿ ತೋರಿಸುತ್ತಿದ್ದ. ಆಮೇಲೆ ಯಾರೂ ಅವಳನ್ನು ನೋಡಲು ಬರಲಿಲ್ಲ. ಬಾವ ಗೇಲಿ ಮಾಡಿದರೆ ನಾದಿನಿ ಮುಖ ಕೆಡಿಸಿಕೊಳ್ಳುವಂತಿಲ್ಲ. ಅದು ನಂಟರಲ್ಲಿ ನಡೆದುಬಂದ ಮುರೈ, ವಾಡಿಕೆ.

"ಕಾಂಗೇಯಂ ಬಸ್ಸಲ್ಲಿ ಜೇಬುಗಳ್ಳ ನಿಮ್ಮ ಹರ್ನಿಯಾ ಉಬ್ಬನ್ನ ದುಡ್ಡಿನ ಗಂಟು ಅಂತ ಹಿಡಿದು ಎಳೆದನಂತಲ್ಲ ಬಾವ? ನಿಮಗಿಂತ ಅವನೇ ಜೋರಾಗಿ ಕಿರುಚಿದನಂತೆ. ಅಕ್ಕ ಹೇಳಿದಳು."

ಮಂಚದ ಪಕ್ಕ ಕೂತಿದ್ದ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಂಜಪ್ಪ ಹಲ್ಲು ಕಚ್ಚಿದರೂ ತಡೆಯಲಾಗಲಿಲ್ಲ. ನಕ್ಕ, ನಕ್ಕ ನೋವಿಗೆ ಮುಲುಗಿದ, ಕಣ್ಣಲ್ಲಿ ನೀರು ಬಂತು. "ಸಾಕು ತಾಯೀ, ಕೈ ಮುಗೀತೀನಿ."

"ಮುರೈ ಅಲ್ವಾ ಬಾವ, ಕೋಪ ಮಾಡ್ಕೋಬಾರ್ದು."

ಪಕ್ಕದ ಹಾಸಿಗೆಯವರು ಏನೆಂದು ಕೇಳಿದರು. ಮಾರಾತಾಳ್ ಎದ್ದು, ನೆರಿಗೆ ಎತ್ತಿ ಸಿಕ್ಕಿಸಿ, ಹೊಟ್ಟೆ ಮುಂದೆ ಮಾಡಿ, ಬಸ್ಸಿನ ಕಂಬಿ ಹಿಡಿದವಳಂತೆ ನಿಂತು, ವಾರ್ಡಿಗೆಲ್ಲ ತಿಳಿಯಲೆಂದು ತಮಿಳಿನಲ್ಲಿ ಮೊದಲಿಂದ ಶುರುಮಾಡಿದಳು.