ಕೊಂಡಿ ಬಿಚ್ಚಿದ ಅನ್ನ

ಊರಿನ ಎಲ್ಲ ಅಡುಗೆಮನೆಗಳಂತೆ ಧಾರವಾಡದ ರಘೋತ್ತಮಾಚಾರ್ಯರ ಮನೆಯಲ್ಲೂ ಅನ್ನ ಕಟ್ಟುವ ಯಂತ್ರವಿತ್ತು. ಮೇಲೆ ಸಕ್ಕರೆ ಸುರಿದರೆ ಅದು ಕಣಕ್ಕೆ ಕಣ ಕೊಂಡಿ ಹಾಕಿ, ಪಕ್ಕದ ಬಟ್ಟಲಿಗೆ ನೀರು ತೊಟ್ಟಿಕ್ಕಿಸುತ್ತ, ಬಿಸಿ ಅನ್ನ ಇಳಿಸುತ್ತಿತ್ತು.

ಏಕಾದಶಿಯ ಮಧ್ಯಾಹ್ನ ಆಚಾರ್ಯರು ಅದರ ಗುಂಡಿ ಒತ್ತಿದ್ದನ್ನು ಹೆಂಡತಿ ಸುಧಾಬಾಯಿ ನೋಡಿಬಿಟ್ಟರು.

"ಇವತ್ತ ಅನ್ನ ಉಣ್ಣಬಾರದಲ್ರೀ?"

"ಸಕ್ಕರಿ ನಡೀತದಲ್ಲ? ಇದೂ ಸಕ್ಕರಿನೇ. ಹೊಟ್ಟಿಗೆ ಹೋದಕೂಡ್ಲೆ ಕೊಂಡಿ ಬಿಚ್ಚಿ ಮತ್ತ ಸಕ್ಕರಿನೇ ಆಗ್ತದ," ಎಂದರು ಆಚಾರ್ಯರು, ಪ್ರವಚನದ ದನಿಯಲ್ಲಿ.

"ಹೆಂಗೂ ಬಿಚ್ಚೋದಾದ್ರ ಕಟ್ಟೋದ್ಯಾಕ್ರೀ?"

ಸುಧಾಬಾಯಿ ಯಂತ್ರ ಆರಿಸಿ, ಎಲೆ ಹಾಕಿ, ಒಂದು ಸೌಟು ಸಕ್ಕರೆ ಬಡಿಸಿದರು. ಆಚಾರ್ಯರು ಎಲೆಯನ್ನು ಮೆಲ್ಲಗೆ ಆಚೆ ಸರಿಸಿದರು.

"ನಾಳೆ ದ್ವಾದಶಿ ಪಾರಣಿಗೂ ಇದನ್ನೇ ಬಡಸ್ತೀನಿ ತಗೋರಿ. ಹೊಟ್ಟಿಗೆ ಎರಡೂ ಒಂದೇ ಅಂತ ನೀವೇ ಹೇಳೀರಲ್ಲ."