ಒಂದೇ ಕೀಲಿಕೈ

ಕೀಲಿಕೈ ತಿರುಗಲಿಲ್ಲ.

ಪ್ರಭುಲಿಂಗ ಅದನ್ನು ಹೊರತೆಗೆದು, ಅಂಗಿಗೆ ಒರೆಸಿ, ಮತ್ತೆ ಹಾಕಿ ನೋಡಿದ. ಊಹೂಂ. ಬೀಗವೇ ಹೊಸದು. ಮಧ್ಯಾಹ್ನ ಹನ್ನೆರಡೂವರೆ, ಸುರಿಯುವ ಮಳೆ, ಹದಿನಾಲ್ಕು ತಾಸಿನ ದುಡಿತ ಮೈಮೇಲೆ. ರಾತ್ರಿಯಿಡೀ ಟವೆಲ್ ಮಿಲ್ಲಿನಲ್ಲಿ ಮಗ್ಗ ರಿಪೇರಿ. ಬೆಳಗಾದರೆ ಹೋಟೆಲೊಂದರ ಚಾದರ, ದಿಂಬಿನ ಚೀಲ ಒಗೆಯುವ ಕೆಲಸ. ಬನಹಟ್ಟಿಯಲ್ಲಿ ಮಗ್ಗದ ಒಳ್ಳೇ ಮಿಸ್ತ್ರಿ ಎನಿಸಿಕೊಂಡವನು ಪೋರ್ಚುಗಲ್ಲಿಗೆ ಬಂದು ಒಂದು ವರ್ಷ. ಅಂದಿನಿಂದ ನಿದ್ದೆ ತುಂಡು ತುಂಡಾಗಿಯೇ ಸಿಗುತ್ತಿತ್ತು.

ಕೆಳಮನೆಯ ಕಿಟಕಿಯ ಪರದೆ ಸರಿಯಿತು. ಮನೆಯೊಡತಿ ಅಲ್ದಿನಾ. ಎಪ್ಪತ್ತು ದಾಟಿದ ಒಂಟಿ ಹೆಂಗಸು. ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಪರದೆ ಎಳೆದಳು.

"ವಂದನಾ! ಏ ವಂದನಾ! ಬಾಗಲಾ ತಗಿ!"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಮಗ್ಗದ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಬಲಿತ ಗಂಟಲು ಅದು. ಮೆಲ್ಲಗೆ ಮಾತಾಡುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಅವನ ಹೆಂಡತಿ ಮೇಲ್ಮನೆಯಿಂದ ಇಳಿದು ಬಂದು ತೆರೆದಳು. ಕೈಯಲ್ಲಿ ಹೊಸ ಕೀಲಿಕೈ.

"ಮುಂಜಾನಿ ಮನಿಯಾಕಿ ನಿಂತು ಕೀಲಿ ಬದಲ ಮಾಡಸಿದ್ಲರಿ. ಕೀಲಿಕೈ ಒಂದ ಕೊಟ್ಲು, ನನಗ. ನಿಮಗೊಂದು ಅಂತ ಕೇಳಿದ್ರ, ಬೆರಳ ಅಲ್ಲಾಡಿಸಿ ಹೋದ್ಲು."

"ಬಾಡಿಗಿ ಕೊಡಾಂವ ನಾನು. ಕೀಲಿಕೈ ನಿನಗ?"

"ಮಾರಿ ನೋಡಿ ಕೊಟ್ಟಿರಬೇಕು. ನನ್ನ ಮಾರಿ ಛಲೋ ಐತಿ."

ಅವನಿಗೆ ನಗುವಷ್ಟೂ ತ್ರಾಣವಿರಲಿಲ್ಲ. ಬರುವ ಗುರುವಾರ ವಂದನಾಳ ವೀಸಾದ ಕಾಗದಪತ್ರ ಕಚೇರಿಗೆ ಮುಟ್ಟಬೇಕು. ಅದರಲ್ಲೊಂದು ವಿಳಾಸದ ಕಾಗದ; ಈಕೆ ನನ್ನ ಮನೆಯಲ್ಲಿದ್ದಾಳೆ ಎಂದು ಮನೆಯೊಡತಿ ಸಹಿ ಹಾಕಬೇಕು. ಸಹಿ ಇಲ್ಲವೆಂದರೆ ವಂದನಾ ಬನಹಟ್ಟಿಗೆ ವಾಪಸು, ಅವನೊಬ್ಬನೇ ಇಲ್ಲಿ. ಮೂರು ಸಲ ಕಾಗದ ಹಿಡಿದು ಅಲ್ದಿನಾಳ ಬಾಗಿಲಿಗೆ ಹೋಗಿದ್ದ. ಮೂರು ಸಲವೂ ಅವಳು ಅವನ ಮುಖ ಕಂಡೊಡನೆ ಬಾಗಿಲು ಮುಚ್ಚಿದ್ದಳು.

"ಇನ್ನೊಂದ ಹೇಳೂದ ಮರತಿದ್ನಿ," ಅಂದಳು ವಂದನಾ, ಮೆಟ್ಟಿಲು ಹತ್ತುತ್ತ. "ನಿನ್ನಿ ಇಬ್ರು ಹೆಣಮಕ್ಕಳು ಫೈಲ್ ಹಿಡ್ಕೊಂಡ ಬಂದಿದ್ರು."

"ಮನಿ ನೋಡಾಕ?"

"ಮನಿ ಏನ ನೋಡ್ಲಿಲ್ಲ. ನನ್ನ ಕುಂದ್ರಿಸಿ ಏನೇನೋ ಕೇಳಿದ್ರು."

"ನೀ ಏನಂದಿ?"

"ಸಿಂ ಅಂದ್ನಿ."

"ಎಲ್ಲಾದಕ್ಕೂ?"

"ನನಗ ಅವರ ಭಾಷಾದಾಗ ಬರೂದು 'ಹೌದು' ಒಂದ ಅಲ್ಲೇನ್ರಿ. ಹೌದು ಅಂದ್ರ ಯಾರೂ ಸಿಟ್ಟಾಗೂದಿಲ್ಲ."

ಪ್ರಭುಲಿಂಗ ಮೆಟ್ಟಿಲ ಮೇಲೆಯೇ ಕುಸಿದು ಕುಳಿತ. "ಆತು ಬಿಡು. ಈ ಮನಿ ಬಿಟ್ಟ ಹೋಗ್ತಿಯೇನು ಅಂತ ಕೇಳಿರ್ತಾರ. ನೀ ಹೌದ ಅಂದಿ."

ಭಾನುವಾರ ಅವನಿಗೆ ರಜೆ. ಇರುವುದೊಂದೇ ರಜೆ. ವಂದನಾ ಅಡುಗೆಮನೆಯ ಮರದ ನೆಲದ ಮೇಲೆ ಕುಳಿತು ವಾರಕ್ಕಾಗುವಷ್ಟು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದು ಕಿವಿಗೆ ಬಿದ್ದರೆ ಮಾತ್ರ ಅವನಿಗೆ ಇದೂ ಒಂದು ಮನೆ ಅನಿಸುತ್ತಿತ್ತು. ಅವನು ಹೊರಕೋಣೆಯಲ್ಲಿ ಅತ್ತಿಂದಿತ್ತ ತಿರುಗುತ್ತ ತಾಯಿ ತಂಗೆವ್ವನಿಗೆ ಫೋನು ಹಚ್ಚಿದ.

"ಯವ್ವಾ, ಕೇಳಸಾಕತ್ತೈತೇನ?"

"ಲೇ ಪ್ರಭ್ಯಾ, ಇಲ್ಲಿ ಮಗ್ಗ ನಡದಾವ, ಜೋರ ಮಾತಾಡ!"

"ಈ ಮುದುಕಿ ನಮ್ಮನ್ನ ಹೊರಗ ಹಾಕಾಕ ನಿಂತಾಳಬೇ!"

"ಹಂಗಂದ್ರ ಆಕಿಗೆ ನಾಕ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟ ಬಾ! ತಿಂದ ಮ್ಯಾಗ ಸಹಿ ಮಾಡ್ತಾಳ!"

ಅಷ್ಟರಲ್ಲಿ ಬಾಗಿಲು ದಡದಡ ಬಡಿಯಿತು. ಅಲ್ದಿನಾ. ಏದುಸಿರು, ಕೈಯಲ್ಲಿ ಊರುಗೋಲು. ಅವನನ್ನು ದಾಟಿ ಒಳಗಡೆಗೆ ಕೂಗಿದಳು. ವಂದನಾ ಕೈ ತೊಳೆದುಕೊಂಡು ಬಂದಳು. ಮುದುಕಿ ಆ ಕೈ ಹಿಡಿದು ಮಗುಚಿ ನೋಡಿದಳು. ಕೆಂಪೇರಿದ ಅಂಗೈ. ಮಣಿಕಟ್ಟಿನಲ್ಲಿ ರೊಟ್ಟಿಯ ಹಂಚು ತಾಗಿ ಸುಟ್ಟ ಕಲೆ. ಆಮೇಲೆ ಅವನನ್ನು ನೋಡಿದಳು. ಆ ನೋಟಕ್ಕೆ ಪ್ರಭುಲಿಂಗ ಒಂದು ಹೆಜ್ಜೆ ಹಿಂದೆ ಸರಿದ. ಆದರೂ ಧೈರ್ಯ ಮಾಡಿ ವಿಳಾಸದ ಕಾಗದ ಮುಂದೆ ಚಾಚಿದ. ಅವಳು ಅದನ್ನು ಕಸಿದುಕೊಂಡು, ಮಡಚಿ ಜೇಬಿಗಿಟ್ಟು ಇಳಿದು ಹೋದಳು.

"ಕೈ ತೊಳೀತೀನೋ ಇಲ್ಲೋ ನೋಡಾಕ ಬಂದಿದ್ಲೇನ್ರಿ?"

"ನಮ್ಮ ಒಗ್ಗರಣಿ ವಾಸನಿ ಆಗಿ ಬರೂದಿಲ್ಲ ಆಕಿಗೆ. ಇನ್ನ ಆ ಕಾಗದ ಒಲಿಗೇ ಹೋತು."

ಬುಧವಾರದವರೆಗೂ ಅವನು ನೆಟ್ಟಗೆ ಊಟ ಮಾಡಲಿಲ್ಲ. ಮಿಲ್ಲಿನಲ್ಲಿ ತೂಕಡಿಸಿ ಬೈಸಿಕೊಂಡ, ಹೋಟೆಲಿನಲ್ಲಿ ಬಿಸಿನೀರಿಗೆ ಕೈ ಸುಟ್ಟುಕೊಂಡ. ಬುಧವಾರ ಮಧ್ಯಾಹ್ನ ಬಂದಾಗ ವಂದನಾ ಬಾಗಿಲಲ್ಲೇ ಲಕೋಟೆ ಹಿಡಿದು ನಿಂತಿದ್ದಳು.

"ನೀವು ಬರೂದ್ರಾಗ ಮನಿಯಾಕಿ ನನ್ನ ಕೈಯಾಗ ತುರುಕಿ, ಗಲ್ಲ ಸವರಿ ಹೋದ್ಲು. ಅಳಾಕತ್ತಿದ್ಲರಿ."

ಒಳಗೆ ವಿಳಾಸದ ಕಾಗದ. ಸಹಿ ಬಿದ್ದಿತ್ತು! ಪ್ರಭುಲಿಂಗ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ವರ್ಷದ ಆಯಾಸವೆಲ್ಲ ಒಂದೇ ಉಸಿರಿನಲ್ಲಿ ಹೊರಬಂತು. ಇನ್ನು ವಂದನಾಳನ್ನು ಯಾರೂ ಕಳಿಸಲಾರರು.

ಕಣ್ಣು ತೆರೆದು ಮತ್ತೊಮ್ಮೆ ಓದಿದ. ವಂದನಾಳ ಹೆಸರು ಸರಿಯಿತ್ತು. ವಿಳಾಸ ಮಾತ್ರ ಮೇಲ್ಮನೆಯದಲ್ಲ, ಕೆಳಮನೆಯದು.

ಜೊತೆಗೆ ಕೈಬರಹದ ಚೀಟಿಯೊಂದಿತ್ತು. ಅವನು ಅದರ ಫೋಟೋ ಹೊಡೆದ. ಫೋನು ಪೋರ್ಚುಗೀಸನ್ನು ಕನ್ನಡ ಮಾಡಿ ತೋರಿಸಿತು:

"ಮಗಳೇ, ಭಾನುವಾರ ಬಂತೆಂದರೆ ಅವನು ಕಿರುಚುತ್ತ ನಿನ್ನನ್ನು ತಾಸುಗಟ್ಟಲೆ ಹೊಡೆಯುವುದು ನನಗೆ ಕೆಳಗೆ ಕೇಳಿಸುತ್ತದೆ, ಅವನು ಕೆಲಸಕ್ಕೆ ಹೋದ ಕೂಡಲೇ ಇಳಿದು ಬಾ, ನಿನಗೊಂದು ಕೋಣೆ ಸಿದ್ಧ ಮಾಡಿದ್ದೇನೆ."